ಥೈರಾಯ್ಡ್: ದಣಿವಿಗೆ ಸಾಕ್ಷಿ ಸಿಕ್ಕ ಚರಿತ್ರೆ

'ನನಗೆ ಥೈರಾಯ್ಡ್ ಇದೆ' ಎಂಬ ಮಾತು ಈಗ ನಮ್ಮ ಮನೆಗಳಲ್ಲಿ ಬಿ.ಪಿ., ಶುಗರ್‌ನಷ್ಟೇ ಸಾಮಾನ್ಯವಾಗಿದೆ. ನಿಜ ಹೇಳಬೇಕೆಂದರೆ ಥೈರಾಯ್ಡ್ ಎಲ್ಲರಿಗೂ ಇರುತ್ತದೆ, ಇಲ್ಲದಿದ್ದರೇ ಕಷ್ಟ. ಕತ್ತಿನ ಮುಂಭಾಗದಲ್ಲಿ, ಗಂಟಲಗಂಟಿನ ಕೆಳಗೆ, ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ ಕುಳಿತಿರುವ ಈ ಗ್ರಂಥಿಯ ತೂಕ ಸುಮಾರು 20 ಗ್ರಾಂ. ಅದು ಸ್ರವಿಸುವ ಹಾರ್ಮೋನು ಕಡಿಮೆಯಾದರೆ ಮೈ ಭಾರವಾಗುತ್ತದೆ, ಮುಖ ಊದಿಕೊಳ್ಳುತ್ತದೆ, ಕೂದಲು ಉದುರುತ್ತದೆ, ಚಳಿ ತಡೆಯಲಾಗುವುದಿಲ್ಲ, ಮುಟ್ಟು ಏರುಪೇರಾಗುತ್ತದೆ, ಬುದ್ಧಿ ಮಂಕಾಗುತ್ತದೆ. ಹೆಚ್ಚಾದರೆ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ಉಂಡದ್ದು ಮೈಗೆ ಹತ್ತುವುದಿಲ್ಲ, ನಿದ್ದೆ ಬರುವುದಿಲ್ಲ, ಸಣ್ಣಪುಟ್ಟದಕ್ಕೂ ಸಿಟ್ಟು ನೆತ್ತಿಗೇರುತ್ತದೆ.

ಈ ಎರಡು ಪಟ್ಟಿಗಳನ್ನು ಇನ್ನೊಮ್ಮೆ ಓದಿದರೆ ಒಂದು ಸಂಗತಿ ಹೊಳೆಯುತ್ತದೆ. ಇವು ಕಾಯಿಲೆಯ ಲಕ್ಷಣಗಳಂತೆ ಕಾಣುವುದಕ್ಕಿಂತ ಮನುಷ್ಯನ ಸ್ವಭಾವದ ದೋಷಗಳಂತೆ ಕಾಣುತ್ತವೆ. ಮೊದಲನೆಯವಳನ್ನು ನಾವು 'ಸೋಮಾರಿ' ಎನ್ನುತ್ತೇವೆ, ಎರಡನೆಯವಳನ್ನು 'ಜಗಳಗಂಟಿ' ಎನ್ನುತ್ತೇವೆ. 'ಅವಳು' ಎಂದು ಬೇಕೆಂದೇ ಬರೆದಿದ್ದೇವೆ. ಥೈರಾಯ್ಡ್ ತೊಂದರೆ ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು. ಮದುವೆಯಾಗಿ ಬಂದ ಸೊಸೆ ಬೆಳಿಗ್ಗೆ ಏಳಲಾರದೆ ಹೋದರೆ, ಹೆತ್ತ ತಾಯಿ ಮಗುವಿನ ಬಗ್ಗೆಯೂ ಉತ್ಸಾಹ ತೋರದಿದ್ದರೆ, ನಮ್ಮ ಜನ ಮೊದಲು ಅವಳ ತವರಿನ ಸಂಸ್ಕಾರವನ್ನು ಪ್ರಶ್ನಿಸುತ್ತಾರೆ. ಆಮೇಲೆ ಗಾಳಿ ಸೋಂಕಿದೆ ಎನ್ನುತ್ತಾರೆ, ಯಾರೋ ಮಾಟ ಮಾಡಿಸಿದ್ದಾರೆ ಎನ್ನುತ್ತಾರೆ. ರಕ್ತಪರೀಕ್ಷೆಯ ಮಾತು ಬರುವುದು ಎಲ್ಲಕ್ಕಿಂತ ಕೊನೆಗೆ. ಆದ್ದರಿಂದ ಈ ಗ್ರಂಥಿಯ ಚರಿತ್ರೆ ವೈದ್ಯರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಹೇಳಿದರೂ ಯಾರೂ ನಂಬದ ದಣಿವೊಂದಕ್ಕೆ ಸಾಕ್ಷಿ ಸಿಕ್ಕಿದ್ದು ಹೇಗೆ ಎಂಬುದರ ಚರಿತ್ರೆ ಅದು.

ಕಣ್ಣಿಗೆ ಕಂಡದ್ದು ಗಂಟು ಮಾತ್ರ

ಹಳಬರಿಗೆ ಗೊತ್ತಿದ್ದದ್ದು ಗ್ರಂಥಿಯಲ್ಲ, ಅದು ಊದಿಕೊಂಡಾಗ ಕಾಣುವ ಗಂಟು. ಸುಶ್ರುತ ಸಂಹಿತೆ ಅದನ್ನು ಗಳಗಂಡ ಎಂದು ಕರೆಯಿತು. ಉರ್ದುವಿನಲ್ಲಿ ಅದು ಗಿಲ್ಹಡ್, ಹಿಂದಿ ಸೀಮೆಯಲ್ಲಿ ಘೇಂಘಾ. ಹತ್ತನೆಯ ಶತಮಾನದಲ್ಲಿ ಸ್ಪೇನಿನ ಕೊರ್ದೋಬಾ ಬಳಿ ಬಾಳಿದ ಮಹಾನ್ ಶಸ್ತ್ರವೈದ್ಯ ಅಬುಲ್ ಖಾಸಿಮ್ ಅಝ್ಝಹ್ರಾವಿ ತಮ್ಮ 'ಅತ್ತಸ್ರೀಫ್' ಎಂಬ ಬೃಹದ್ಗ್ರಂಥದಲ್ಲಿ ಅದನ್ನು 'ಗಂಟಲಿನ ಆನೆ' ಎಂಬರ್ಥದ ಹೆಸರಿನಿಂದ ವರ್ಣಿಸಿದ್ದಾರೆ. ಇದು ಹೆಂಗಸರಲ್ಲಿ ಹೆಚ್ಚು, ಹುಟ್ಟಿನಿಂದ ಬಂದದ್ದು ಮತ್ತು ಆಮೇಲೆ ಬಂದದ್ದು ಎಂದು ಎರಡು ಬಗೆ, ಮೊದಲನೆಯದಕ್ಕೆ ಕೈ ಹಾಕಬಾರದು ಎಂಬುದು ಅವರ ಮಾತಿನ ಸಾರ. ಯಾವುದನ್ನು ಕೊಯ್ಯಬಹುದು ಎನ್ನುವುದರ ಜೊತೆಗೆ ಯಾವುದನ್ನು ಕೊಯ್ಯಬಾರದು ಎಂದೂ ಬರೆದಿಟ್ಟ ವಿವೇಕ ಅವರದು.

ಹನ್ನೆರಡನೆಯ ಶತಮಾನದ ಆರಂಭದಲ್ಲಿ ಖ್ವಾರಝ್ಮ್ ಸೀಮೆಯ ವೈದ್ಯ ಸಯ್ಯಿದ್ ಇಸ್ಮಾಯಿಲ್ ಜುರ್ಜಾನಿ ಅರಬಿಯನ್ನು ಬಿಟ್ಟು ಪಾರ್ಸಿಯಲ್ಲಿ 'ಝಖೀರಾಯೆ ಖ್ವಾರಝ್ಮ್‌ಶಾಹಿ' ಎಂಬ ವೈದ್ಯಕೋಶವನ್ನು ಬರೆದರು. ಕತ್ತಿನ ಗಂಟಿಗೂ ಮುಂದಕ್ಕೆ ಉಬ್ಬಿದ ಕಣ್ಣುಗಳಿಗೂ ನಂಟಿದೆ ಎಂದು ಮೊದಲಿಗೆ ಗುರುತಿಸಿದವರು ಅವರೇ ಎಂದು ಅನೇಕ ವೈದ್ಯಚರಿತ್ರೆಕಾರರು ಹೇಳುತ್ತಾರೆ. ಯೂರೋಪಿನಲ್ಲಿ ಈ ನಂಟು ಮತ್ತೆ ಕಾಣಿಸಲು ಏಳುನೂರು ವರ್ಷಗಳೇ ಬೇಕಾದವು. 1835ರಲ್ಲಿ ಡಬ್ಲಿನ್ನಿನ ರಾಬರ್ಟ್ ಗ್ರೇವ್ಸ್, 1840ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಬಾಸೆಡೋ ಅದನ್ನು ವಿವರಿಸಿದರು. ಗ್ರೇವ್ಸ್ ವರ್ಣಿಸಿದ್ದು ಎದೆಬಡಿತದಿಂದ ಕಂಗೆಟ್ಟಿದ್ದ ಮೂವರು ಹೆಂಗಸರನ್ನು. ಇಂದಿಗೂ ಆ ಕಾಯಿಲೆಗೆ ಅವರದೇ ಹೆಸರು.

ಗ್ರಂಥಿಗೆ ಥೈರಾಯ್ಡ್ ಎಂಬ ಹೆಸರಿಟ್ಟವರು ಲಂಡನ್ನಿನ ಥಾಮಸ್ ವಾರ್ಟನ್, 1656ರಲ್ಲಿ. ಗ್ರೀಕಿನಲ್ಲಿ ಅದಕ್ಕೆ ಗುರಾಣಿಯಂಥದ್ದು ಎಂದರ್ಥ. ಅದರ ಕೆಲಸಗಳಲ್ಲಿ ಒಂದು ಕತ್ತನ್ನು, ವಿಶೇಷವಾಗಿ ಹೆಂಗಸರ ಕತ್ತನ್ನು, ತುಂಬಿಕೊಂಡು ಚೆಂದಗಾಣಿಸುವುದು ಎಂದು ಅವರು ತಿಳಿದಿದ್ದರು!

ಮದ್ದಿನ ಮನೆಯಿಂದ ಮದ್ದು

ಗಂಟು ಬರುವುದು ಏಕೆ? ಹದಿಮೂರನೆಯ ಶತಮಾನದಲ್ಲಿ ಯಾರ್ಕಂದ್ ಪಟ್ಟಣವನ್ನು ಹಾದುಹೋದ ಮಾರ್ಕೋ ಪೋಲೋ ಅಲ್ಲಿನವರ ಕತ್ತಿನ ಗಂಟುಗಳನ್ನು ಕಂಡು, ಇದು ನೀರಿನ ದೋಷ ಎಂದು ಬರೆದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಿಲ್ಗಿಟ್‌ನಲ್ಲಿದ್ದ ಬ್ರಿಟಿಷ್ ವೈದ್ಯ ರಾಬರ್ಟ್ ಮೆಕ್ಕಾರಿಸನ್ ಕೂಡ ನೀರಿನ ಕಲ್ಮಶವೇ ಕಾರಣವೆಂದು ನಂಬಿ, ಆ ಕಲ್ಮಶವನ್ನು ಪ್ರಯೋಗಕ್ಕೆಂದು ತಾವೇ ಕುಡಿದರು. ನೀರಿನ ಕಡೆಗೆ ಬೆರಳು ತೋರಿಸಿದ್ದು ಪೂರ್ತಿ ತಪ್ಪಲ್ಲ. ಆದರೆ ಮುಖ್ಯ ದೋಷ ನೀರಿನಲ್ಲಿ ಇದ್ದದ್ದರಲ್ಲಿರಲಿಲ್ಲ, ಇಲ್ಲದ್ದರಲ್ಲಿತ್ತು.

ಆ 'ಇಲ್ಲದ' ವಸ್ತು ಸಿಕ್ಕಿದ್ದು ಯುದ್ಧದ ದೆಸೆಯಿಂದ. ನೆಪೋಲಿಯನ್ನನ ಸೈನ್ಯಕ್ಕೆ ಕೋವಿಮದ್ದು ಬೇಕಿತ್ತು, ಮದ್ದಿಗೆ ಪೆಟ್ಲುಪ್ಪು ಬೇಕಿತ್ತು. 1811ರಲ್ಲಿ ಫ್ರಾನ್ಸಿನ ಬರ್ನಾರ್ ಕೂರ್ತ್ವಾ ಎಂಬ ಪೆಟ್ಲುಪ್ಪಿನ ತಯಾರಕ ಕಡಲಪಾಚಿಯ ಬೂದಿಗೆ ಆಮ್ಲ ಸೇರಿಸಿದಾಗ ನೇರಳೆ ಬಣ್ಣದ ಹಬೆ ಎದ್ದಿತು. ಅದೇ ಅಯೋಡಿನ್. 1820ರಲ್ಲಿ ಜಿನೀವಾದ ವೈದ್ಯ ಕ್ವಾಂದೆ ಅದನ್ನು ಗಳಗಂಡದ ರೋಗಿಗಳಿಗೆ ಕೊಟ್ಟರು. ಗಂಟುಗಳು ಕರಗಿದವು. ಆದರೆ ಅಳತೆ ತಿಳಿಯದೆ ಕಂಡಕಂಡವರು ಅಯೋಡಿನ್ ಕುಡಿಯತೊಡಗಿ ಹಲವರಿಗೆ ಹಾನಿಯಾಯಿತು, ಮದ್ದಿಗೇ ಕೆಟ್ಟ ಹೆಸರು ಬಂತು. ಅಳೆಯಲಾಗದೆ ಕೊಟ್ಟ ಔಷಧ ಅರ್ಧ ವಿಷ ಎಂಬ ಪಾಠವನ್ನು ಥೈರಾಯ್ಡ್ ಚರಿತ್ರೆ ಮುಂದೆಯೂ ಮತ್ತೆ ಮತ್ತೆ ಹೇಳುತ್ತದೆ.

ಒಬ್ಬ ಹುಡುಗಿ, 870 ಕುರಿಗಳು

ಗ್ರಂಥಿಯ ನಿಜವಾದ ಕೆಲಸ ಗೊತ್ತಾದದ್ದು ಒಂದು ದುರಂತದಿಂದ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಥಿಯೋಡೋರ್ ಕೋಖರ್ ಗಳಗಂಡದ ಶಸ್ತ್ರಚಿಕಿತ್ಸೆಯಲ್ಲಿ ಎತ್ತಿದ ಕೈ. 1874ರಲ್ಲಿ ಅವರು 11 ವರ್ಷದ ಹುಡುಗಿಯೊಬ್ಬಳ ಗ್ರಂಥಿಯನ್ನು ಪೂರ್ತಿಯಾಗಿ ತೆಗೆದರು. ಗಾಯ ಚೆನ್ನಾಗಿ ಮಾಯಿತು. ಆದರೆ ಚೂಟಿಯಾಗಿದ್ದ ಹುಡುಗಿ ಮಂಕಾಗಿದ್ದಾಳೆ ಎಂಬ ಸುದ್ದಿ ಅವಳ ಊರಿನ ವೈದ್ಯರಿಂದ ಬಂತು. ತಂಗಿ ಬೆಳೆದು ನಿಂತಳು, ಅಕ್ಕ ಕುಳ್ಳಾಗಿಯೇ ಉಳಿದಳು. ಕೋಖರ್ ತಮ್ಮ ಹಳೆಯ ರೋಗಿಗಳನ್ನು ಕರೆಸಿ ನೋಡಿದರು. ಗ್ರಂಥಿಯನ್ನು ಪೂರ್ತಿ ತೆಗೆಸಿಕೊಂಡು ಮರುಪರೀಕ್ಷೆಗೆ ಬಂದ 18 ಮಂದಿಯಲ್ಲಿ 16 ಮಂದಿ ಹೀಗೆಯೇ ಆಗಿದ್ದರು. 1883ರಲ್ಲಿ ಅವರು ಇದನ್ನು ವೈದ್ಯರ ಸಭೆಯ ಮುಂದಿಟ್ಟು, ಇನ್ನು ಮೇಲೆ ಸಾಧಾರಣ ಗಳಗಂಡಕ್ಕೆ ಇಡೀ ಗ್ರಂಥಿಯನ್ನು ತೆಗೆಯುವುದಿಲ್ಲ ಎಂದು ಸಾರಿದರು. 1909ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ದೃಷ್ಟಿಯಲ್ಲಿ ಅವರ ದೊಡ್ಡತನವಿರುವುದು ಅವರ ಕತ್ತರಿಯಲ್ಲಲ್ಲ, ತನ್ನ ಕೈಯಿಂದ ಆದ ಹಾನಿಯನ್ನು ಎಣಿಸಿ ಹೇಳಿದ ಆ ವರದಿಯಲ್ಲಿ.

ಇತ್ತ ಲಂಡನ್ನಿನಲ್ಲಿ 1873ರಲ್ಲಿ ವಿಲಿಯಂ ಗಲ್ ಎಂಬ ವೈದ್ಯರು ಮುಖ ಊದಿ, ಮಾತು ನಿಧಾನವಾಗಿ, ಮನಸ್ಸು ಜಡವಾದ ಐವರು ಹೆಂಗಸರನ್ನು ವರ್ಣಿಸಿದ್ದರು. 1878ರಲ್ಲಿ ವಿಲಿಯಂ ಆರ್ಡ್ ಈ ಸ್ಥಿತಿಗೆ ಮಿಕ್ಸೆಡೀಮಾ ಎಂದು ಹೆಸರಿಟ್ಟರು. ಆ ಹೆಂಗಸರ ಜಡತನ, ಆಲ್ಪ್ಸ್ ಕಣಿವೆಯ ಬುದ್ಧಿಮಾಂದ್ಯ ಮಕ್ಕಳ ಸ್ಥಿತಿ, ಕೋಖರರ ರೋಗಿಗಳ ಅವಸ್ಥೆ ಮೂರಕ್ಕೂ ಥೈರಾಯ್ಡ್ ಇಲ್ಲದಿರುವುದೇ ಕಾರಣ ಎಂದು 1888ರಲ್ಲಿ ಲಂಡನ್ನಿನ ಕ್ಲಿನಿಕಲ್ ಸೊಸೈಟಿಯ ಸಮಿತಿ ತೀರ್ಮಾನಿಸಿತು.

ಕಾರಣ ತಿಳಿದ ಮೇಲೆ ಪರಿಹಾರ ದೂರವಿರಲಿಲ್ಲ. 1891ರಲ್ಲಿ ನ್ಯೂಕ್ಯಾಸಲ್‌ನ ಯುವ ವೈದ್ಯ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ಗ್ರಂಥಿಯ ರಸವನ್ನು 46 ವರ್ಷದ ಒಬ್ಬ ಹೆಂಗಸಿಗೆ ಚುಚ್ಚಿದರು. ಕೆಲವೇ ತಿಂಗಳಲ್ಲಿ ಅವರ ಮುಖದ ಬಾವು ಇಳಿಯಿತು, ಮಾತು ಚುರುಕಾಯಿತು. ಮರುವರ್ಷವೇ ಬಾಯಿಂದ ಸೇವಿಸಿದರೂ ಸಾಕು ಎಂದು ಬೇರೆ ವೈದ್ಯರು ತೋರಿಸಿದರು. ಆ ಮಹಿಳೆ ಇನ್ನೂ 28 ವರ್ಷ ಬದುಕಿ, 74ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ವರ್ಷಗಳಲ್ಲಿ ಅವರೊಬ್ಬರಿಗೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಗಿತ್ತೆಂದು ಮರ್ರೆ ಲೆಕ್ಕ ಬರೆದಿಟ್ಟಿದ್ದಾರೆ.

ಆ ರಸದಲ್ಲಿ ಅಡಗಿದ್ದ ವಸ್ತುವನ್ನು ಅಮೆರಿಕದ ಮೇಯೋ ಕ್ಲಿನಿಕ್‌ನ ಎಡ್ವರ್ಡ್ ಕೆಂಡಾಲ್ 1914ರ ಡಿಸೆಂಬರ್ 25ರಂದು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಅದೇ ಥೈರಾಕ್ಸಿನ್, ಅರ್ಥಾತ್ ಟಿ-4. ಅವರು ಬಳಸಿದ್ದು ಟನ್‌ಗಟ್ಟಲೆ ಹಂದಿಯ ಗ್ರಂಥಿಗಳನ್ನು, ಸಿಕ್ಕಿದ್ದು ಕೆಲವೇ ಗ್ರಾಂ. 1927ರಲ್ಲಿ ಬ್ರಿಟನ್ನಿನ ಹ್ಯಾರಿಂಗ್ಟನ್ ಮತ್ತು ಬಾರ್ಜರ್ ಅದನ್ನು ಪ್ರಯೋಗಾಲಯದಲ್ಲಿಯೇ ತಯಾರಿಸಿದರು. ಇಂದು ವೈದ್ಯರು ಸಾಮಾನ್ಯವಾಗಿ ಬರೆದುಕೊಡುವ ಲೆವೊಥೈರಾಕ್ಸಿನ್ ಹೀಗೆ ಕೃತಕವಾಗಿ ತಯಾರಾದದ್ದು, ಪ್ರಾಣಿಯ ಗ್ರಂಥಿಯಿಂದ ತೆಗೆದದ್ದಲ್ಲ. ಈ ಬಗ್ಗೆ ಶಂಕೆಯಿಂದ ಮಾತ್ರೆ ಬಿಡುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಅಳತೆಗೋಲಿನ ಹುಡುಕಾಟ

ಮದ್ದು ಬಂತು. ಆದರೆ ಯಾರಿಗೆ ಕೊಡಬೇಕು, ಎಷ್ಟು ಕೊಡಬೇಕು? ಮುಖ ಪೂರ್ತಿ ಊದಿಕೊಂಡವರನ್ನು ಯಾರಾದರೂ ಗುರುತಿಸಬಹುದು. ಕಾಯಿಲೆ ಇನ್ನೂ ಹೊಸ್ತಿಲಲ್ಲಿರುವಾಗ ಹಿಡಿಯುವುದು ಹೇಗೆ?

1895ರಲ್ಲಿ ಜರ್ಮನಿಯ ಮ್ಯಾಗ್ನಸ್ ಲೆವಿ, ಥೈರಾಯ್ಡ್ ಹೆಚ್ಚಾದವರು ಸುಮ್ಮನೆ ಮಲಗಿದ್ದಾಗಲೂ ಹೆಚ್ಚು ಆಮ್ಲಜನಕ ಬಳಸುತ್ತಾರೆ, ಕಡಿಮೆಯಾದವರು ಕಡಿಮೆ ಬಳಸುತ್ತಾರೆ ಎಂದು ಕಂಡುಕೊಂಡರು. ಹಲವು ದಶಕಗಳ ಕಾಲ ಇದೇ ಮುಖ್ಯ ಪರೀಕ್ಷೆಯಾಗಿತ್ತು. ರೋಗಿ ಉಪವಾಸವಿದ್ದು, ಅಲುಗದೆ ಮಲಗಿ, ಯಂತ್ರದ ಕೊಳವೆಯಲ್ಲಿ ಉಸಿರಾಡಬೇಕು. ಹೆದರಿಕೊಂಡರೆ ಲೆಕ್ಕ ತಪ್ಪುತ್ತಿತ್ತು. ಆಮೇಲೆ ರಕ್ತದ ಪ್ರೋಟೀನಿಗೆ ಅಂಟಿದ ಅಯೋಡಿನ್ ಅಳೆಯುವ ಪರೀಕ್ಷೆ ಬಂತು. ಆದರೆ ಅಯೋಡಿನ್ ಇರುವ ಕೆಮ್ಮಿನ ಔಷಧ ಕುಡಿದಿದ್ದರೂ ಅದು ತಪ್ಪು ಹೇಳುತ್ತಿತ್ತು. 1941ರಲ್ಲಿ ಬಾಸ್ಟನ್ನಿನ ಸಾಲ್ ಹರ್ಟ್ಝ್ ವಿಕಿರಣಶೀಲ ಅಯೋಡಿನ್ ಅನ್ನು ಮೊದಲ ಬಾರಿಗೆ ಗ್ರೇವ್ಸ್ ಕಾಯಿಲೆಯ ಚಿಕಿತ್ಸೆಗೆ ಬಳಸಿದರು. ಗ್ರಂಥಿ ಎಷ್ಟು ಅಯೋಡಿನ್ ಹೀರುತ್ತದೆ ಎಂದು ನೋಡುವುದಕ್ಕೂ ಅದು ದಾರಿಯಾಯಿತು.

ಅಳತೆ ಸಿಗದ ಕಾಲದಲ್ಲಿ ಏನಾಗುತ್ತಿತ್ತು ಎಂಬುದಕ್ಕೆ 1949ರ ಒಂದು ಲೇಖನ ಸಾಕ್ಷಿ. ಲಂಡನ್ನಿನ ವೈದ್ಯ ರಿಚರ್ಡ್ ಆಶರ್ 'ಮಿಕ್ಸೆಡೀಮಾದ ಹುಚ್ಚು' ಎಂಬರ್ಥದ ತಲೆಬರಹ ಕೊಟ್ಟು 14 ರೋಗಿಗಳ ಕಥೆ ಬರೆದರು. ಭ್ರಮೆ, ಸಂಶಯ, ಯಾರದೋ ದನಿ ಕೇಳಿಸುವುದು ಇವರನ್ನು ಕಾಡುತ್ತಿತ್ತು. ಹೆಚ್ಚಿನವರನ್ನು ಮಾನಸಿಕ ರೋಗಿಗಳೆಂದೇ ತಿಳಿಯಲಾಗಿತ್ತು. ಥೈರಾಯ್ಡ್ ಔಷಧ ಕೊಟ್ಟ ಮೇಲೆ ಅವರಲ್ಲಿ 9 ಮಂದಿ ಪೂರ್ತಿ ಗುಣವಾದರು. ಈ ಸಂಖ್ಯೆಯನ್ನು ಓದುವಾಗ ನಮಗೆ 2001ರ ಆಗಸ್ಟ್ 6 ನೆನಪಾಗುತ್ತದೆ. ಅಂದು ತಮಿಳುನಾಡಿನ ಎರ್ವಾಡಿಯಲ್ಲಿ ದರ್ಗಾದ ಆಸುಪಾಸಿನ ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದಾಗ, ಸಂಕೋಲೆಯಲ್ಲಿದ್ದ 28 ಮಾನಸಿಕ ರೋಗಿಗಳು ಸತ್ತರು. ಮನಸ್ಸು ಕೆಟ್ಟವರೆಲ್ಲರಿಗೂ ಥೈರಾಯ್ಡ್ ತೊಂದರೆ ಇರುತ್ತದೆಂದಲ್ಲ, ಹಾಗಿರುವವರು ಕೆಲವರು ಮಾತ್ರ. ಆದರೆ ಮನುಷ್ಯನ ಕಾಲಿಗೆ ಸರಪಳಿ ಹಾಕುವ ಮುನ್ನ ಅವನ ತೋಳಿನಿಂದ ಒಂದಿಷ್ಟು ರಕ್ತ ತೆಗೆದು ನೋಡಬೇಕು ಎಂಬುದು ಅತಿ ದೊಡ್ಡ ಬೇಡಿಕೆಯೇನಲ್ಲ. ಹರಕೆ, ತಾಯಿತಗಳಲ್ಲಿ ನಂಬಿಕೆ ಇಟ್ಟವರಿಗೂ ಪರೀಕ್ಷೆಗೆ ಅಡ್ಡಿ ಏನೂ ಇಲ್ಲ.

ಬೀಗದ ಕೋಣೆಯಿಂದ ಬಂದ ಬೆಳಕು

ಅಳತೆಯ ಸಮಸ್ಯೆಗೆ ಉತ್ತರ ಸಿಕ್ಕಿದ್ದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಮಾಜಿ ಸೈನಿಕರ ಆಸ್ಪತ್ರೆಯ ಝಾಡಮಾಲಿಯ ಸಾಮಾನು ಕೋಣೆಯನ್ನೇ ಮಾರ್ಪಡಿಸಿ ಮಾಡಿಕೊಂಡಿದ್ದ ಪ್ರಯೋಗಾಲಯದಿಂದ. ಅಲ್ಲಿದ್ದವರು ಭೌತವಿಜ್ಞಾನಿ ರೋಸಲಿನ್ ಯಾಲೋ ಮತ್ತು ವೈದ್ಯ ಸಾಲಮನ್ ಬರ್ಸನ್. ಯಾಲೋ ಬಡ ಯಹೂದಿ ಮನೆತನದ ಮಗಳು, ತಂದೆತಾಯಿ ಹೈಸ್ಕೂಲಿನ ಮೆಟ್ಟಿಲು ಹತ್ತಿದವರಲ್ಲ. ರಕ್ತದಲ್ಲಿ ಕಣ್ಣಿಗೆಟುಕದಷ್ಟು ಸೂಕ್ಷ್ಮ ಪ್ರಮಾಣದಲ್ಲಿರುವ ಹಾರ್ಮೋನನ್ನು ಪ್ರತಿಕಾಯ ಮತ್ತು ವಿಕಿರಣದ ಗುರುತಿನಿಂದ ಅಳೆಯುವ ವಿಧಾನವನ್ನು ಇವರಿಬ್ಬರೂ 1950ರ ದಶಕದ ಕೊನೆಯಲ್ಲಿ ರೂಪಿಸಿದರು. ಮೊದಲು ಅಳೆದದ್ದು ಇನ್ಸುಲಿನ್ ಅನ್ನು. ಅವರ ಲೇಖನವನ್ನು ಮೊದಲು ಪತ್ರಿಕೆಗಳು ತಿರಸ್ಕರಿಸಿದ್ದವು. ವಿಧಾನ ಗೆದ್ದ ಮೇಲೆ ಅವರು ಅದಕ್ಕೆ ಪೇಟೆಂಟ್ ಪಡೆಯಲಿಲ್ಲ, ಲೋಕಕ್ಕೆ ಬಿಟ್ಟುಕೊಟ್ಟರು. ಬರ್ಸನ್ 1972ರಲ್ಲಿ ತೀರಿಕೊಂಡಿದ್ದರಿಂದ 1977ರ ನೊಬೆಲ್ ಯಾಲೋ ಅವರಿಗೆ ಬಂತು. ವೈದ್ಯವಿಜ್ಞಾನದಲ್ಲಿ ಆ ಗೌರವ ಪಡೆದ ಎರಡನೆಯ ಮಹಿಳೆ ಅವರು.

1960ರ ದಶಕದಲ್ಲಿ ಇದೇ ವಿಧಾನದಿಂದ ಟಿಎಸ್‌ಎಚ್ ಅಳೆಯುವುದು ಸಾಧ್ಯವಾಯಿತು. ಟಿಎಸ್‌ಎಚ್ ಎಂದರೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕಳಿಸುವ ಆಜ್ಞೆ. ಕಟ್ಟಡದ ಕೆಲಸದ ಮೇಸ್ತ್ರಿಯನ್ನು ನೆನೆಸಿಕೊಳ್ಳಿ. ಆಳು ಕೆಲಸ ಮಾಡದಿದ್ದರೆ ಮೇಸ್ತ್ರಿಯ ದನಿ ಏರುತ್ತದೆ, ಬೇಕಾದುದಕ್ಕಿಂತ ಹೆಚ್ಚು ಮಾಡಿದರೆ ದನಿ ಅಡಗುತ್ತದೆ. ಹಾಗೆಯೇ ಥೈರಾಯ್ಡ್ ಸೋತರೆ ಟಿಎಸ್‌ಎಚ್ ಏರುತ್ತದೆ, ಥೈರಾಯ್ಡ್ ಮಿತಿಮೀರಿದರೆ ಟಿಎಸ್‌ಎಚ್ ಇಳಿಯುತ್ತದೆ. ವರದಿ ನೋಡಿ 'ಟಿಎಸ್‌ಎಚ್ ಜಾಸ್ತಿ ಇದೆ, ಥೈರಾಯ್ಡ್ ಜಾಸ್ತಿಯಾಗಿದೆ' ಎನ್ನುವವರು ಉಲ್ಟಾ ಅರ್ಥ ಮಾಡಿಕೊಂಡಿರುತ್ತಾರೆ. ಟಿ-4 ಇನ್ನೂ ಸರಿಯಿರುವಾಗಲೇ ಟಿಎಸ್‌ಎಚ್ ಏರತೊಡಗುವುದರಿಂದ ಕಾಯಿಲೆಯನ್ನು ಹೊಸ್ತಿಲಲ್ಲೇ ಹಿಡಿಯಬಹುದು. 1980ರ ದಶಕದಲ್ಲಿ ಪರೀಕ್ಷೆ ಇನ್ನಷ್ಟು ಸೂಕ್ಷ್ಮವಾಗಿ, ತೀರಾ ಕಡಿಮೆ ಟಿಎಸ್‌ಎಚ್ ಕೂಡ ಸ್ಪಷ್ಟವಾಗಿ ತಿಳಿಯುವಂತಾಯಿತು.

ಗ್ರಂಥಿ ಸೋಲುವುದೇಕೆ ಎಂಬುದಕ್ಕೂ ಪ್ರಯೋಗಾಲಯವೇ ಉತ್ತರ ಕೊಟ್ಟಿತು. 1912ರಲ್ಲಿ ಜಪಾನಿನ ಹಾಶಿಮೋಟೋ ಹಕರು ನಾಲ್ವರು ಹೆಂಗಸರ ಗ್ರಂಥಿಗಳಲ್ಲಿ ಒಂದು ವಿಚಿತ್ರ ಬದಲಾವಣೆ ಕಂಡಿದ್ದರು. 1956ರಲ್ಲಿ ಲಂಡನ್ನಿನ ಡೆಬೊರಾ ಡೋನಿಯಾಕ್, ಐವನ್ ರಾಯ್ಟ್ ಮತ್ತು ಸಂಗಡಿಗರು, ಈ ರೋಗಿಗಳ ರಕ್ತದಲ್ಲಿ ತಮ್ಮದೇ ಥೈರಾಯ್ಡ್ ವಿರುದ್ಧ ಪ್ರತಿಕಾಯಗಳಿವೆ ಎಂದು ತೋರಿಸಿದರು. ದೇಹದ ಕಾವಲುಗಾರನೇ ಮನೆಯವರನ್ನು ಹೊಡೆಯುವ ಕಾಯಿಲೆ ಇದು. ಇಂದು ಮಾಡಿಸುವ ಆಂಟಿ-ಟಿಪಿಒ ಪರೀಕ್ಷೆಯ ಹಿಂದೆ ಈ ಶೋಧವಿದೆ.

ಉಪ್ಪು ಮತ್ತು ಹಿಮ್ಮಡಿಯ ಹನಿ

ನಮ್ಮ ದೇಶ ಈ ಚರಿತ್ರೆಗೆ ಕೊಟ್ಟ ದೊಡ್ಡ ಕಾಣಿಕೆ ಕಾಂಗ್ರಾ ಕಣಿವೆಯದು. 1956ರಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಹಿಮಾಲಯದ ತಪ್ಪಲಿನ ಆ ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿ, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪನ್ನೂ ಒಂದಕ್ಕೆ ಸಾದಾ ಉಪ್ಪನ್ನೂ ಒದಗಿಸಿದರು. ಕೆಲವೇ ವರ್ಷಗಳಲ್ಲಿ ಅಯೋಡಿನ್ ಉಪ್ಪು ತಿಂದ ಕಡೆ ಗಳಗಂಡ ಗಣನೀಯವಾಗಿ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಅಯೋಡಿನ್ ಇಲ್ಲದ ಉಪ್ಪನ್ನು ತಿನ್ನಲು ಮಾರುವುದರ ಮೇಲೆ ಹಾಕಿದ್ದ ನಿಷೇಧವನ್ನು ಕೇಂದ್ರ ಸರಕಾರ 2000ದಲ್ಲಿ ಹಿಂತೆಗೆದುಕೊಂಡಿತು. 2006ರಲ್ಲಿ ಮತ್ತೆ ಜಾರಿಗೆ ತಂದಿತು. ಕರ್ನಾಟಕದಲ್ಲೂ ಕೊಡಗು, ಚಿಕ್ಕಮಗಳೂರಿನಂಥ ಮಲೆನಾಡಿನ ಜಿಲ್ಲೆಗಳಲ್ಲಿ ಗಳಗಂಡ ಕಂಡುಬಂದಿತ್ತು. ಈಗ ಅಯೋಡಿನ್ ಉಪ್ಪು ಮನೆಮನೆ ತಲುಪಿರುವಾಗ, ವಯಸ್ಕರಲ್ಲಿ ಥೈರಾಯ್ಡ್ ಸೋಲಲು ಹಾಶಿಮೋಟೋ ಕಾಯಿಲೆಯೇ ಮುಖ್ಯ ಕಾರಣ.

ಇನ್ನೊಂದು ಮಹತ್ವದ ಹೆಜ್ಜೆ ನವಜಾತ ಶಿಶುಗಳದು. ಕೆನಡಾದ ಕ್ವಿಬೆಕ್‌ನಲ್ಲಿ ಜಾನ್ ದ್ಯೂಸೋ 1970ರ ದಶಕದ ಮೊದಲ ಭಾಗದಲ್ಲಿ, ಮಗುವಿನ ಹಿಮ್ಮಡಿಯಿಂದ ತೆಗೆದು ಕಾಗದದ ಮೇಲೆ ಒಣಗಿಸಿದ ರಕ್ತದ ಹನಿಯಲ್ಲೇ ಥೈರಾಯ್ಡ್ ಹಾರ್ಮೋನು ಅಳೆಯಬಹುದೆಂದು ತೋರಿಸಿದರು. ಥೈರಾಯ್ಡ್ ಇಲ್ಲದೆ ಹುಟ್ಟಿದ ಮಗು ಮೊದಲ ದಿನಗಳಲ್ಲಿ ನೋಡಲು ಬೇರೆ ಮಕ್ಕಳಂತೆಯೇ ಇರುತ್ತದೆ. ಅಳುವುದು ಕಡಿಮೆ, ನಿದ್ದೆ ಹೆಚ್ಚು. 'ಎಷ್ಟು ಸಾಧು ಮಗು' ಎಂದು ಮನೆಯವರು ಸಂತೋಷಪಡುತ್ತಾರೆ. ಲಕ್ಷಣಗಳು ಕಾಣುವ ಹೊತ್ತಿಗೆ ಮಿದುಳಿಗೆ ಆಗಬಾರದ ಹಾನಿ ಆಗಿಹೋಗಿರುತ್ತದೆ. ಹುಟ್ಟಿದ ಎರಡು ವಾರಗಳೊಳಗೆ ಮಾತ್ರೆ ಶುರುವಾದರೆ ಆ ಮಗು ಎಲ್ಲರಂತೆ ಶಾಲೆಗೆ ಹೋಗುತ್ತದೆ. ನಮ್ಮ ದೇಶದಲ್ಲಿ ಸುಮಾರು ಸಾವಿರದ ಚಿಲ್ಲರೆ ಶಿಶುಗಳಿಗೆ ಒಂದರಂತೆ ಈ ತೊಂದರೆ ಇದೆ. ಗೋವಾ, ಕೇರಳದಂಥ ರಾಜ್ಯಗಳು ಸರಕಾರಿ ಆಸ್ಪತ್ರೆಗಳಲ್ಲಿ ಇಂಥ ತಪಾಸಣೆಗೆ ಮುಂದಾದವು. ಆದರೆ ದೇಶದ ಪ್ರತಿಯೊಂದು ಹೆರಿಗೆ ಕೋಣೆಗೂ ಅದು ಇನ್ನೂ ತಲುಪಿಲ್ಲ. ಮಗುವಿಗೆ ಹೆಸರಿಡುವ ದಿನವನ್ನು ಮರೆಯದ ನಾವು, ಹಿಮ್ಮಡಿಯ ಈ ಒಂದು ಹನಿಯನ್ನು ಆಸ್ಪತ್ರೆಯಲ್ಲಿ ಕೇಳಿ ಮಾಡಿಸಲು ಮರೆಯಬಾರದು.

ಸಂಖ್ಯೆಯೇ ಎಲ್ಲವೂ ಅಲ್ಲ

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಪ್ರಯೋಗಾಲಯ ಸಾಕ್ಷಿ ಹೇಳುತ್ತದೆ, ತೀರ್ಪು ಕೊಡಬೇಕಾದವರು ವೈದ್ಯರು. ವಯಸ್ಕರಲ್ಲಿ ಟಿಎಸ್‌ಎಚ್ ಸಾಮಾನ್ಯವಾಗಿ 0.4ರಿಂದ 4ರ ಆಸುಪಾಸಿನಲ್ಲಿರಬೇಕು, ಆದರೆ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಗಡಿ ತುಸು ಬದಲಾಗುತ್ತದೆ. ಗರ್ಭಿಣಿಯರಿಗೆ ಅಳತೆಯೇ ಬೇರೆ. ವಯಸ್ಸಾದವರಲ್ಲಿ ಟಿಎಸ್‌ಎಚ್ ಸ್ವಲ್ಪ ಏರಿದ ಮಾತ್ರಕ್ಕೆ ಕಾಯಿಲೆ ಎನ್ನಲಾಗದು. ಪಿಟ್ಯುಟರಿಯೇ ಕೆಟ್ಟಿದ್ದರೆ ಟಿಎಸ್‌ಎಚ್ ಏರುವುದೇ ಇಲ್ಲ, ಆಗ ಫ್ರೀ ಟಿ-4 ನೋಡಬೇಕು. ಕೂದಲಿಗೆಂದು ತಿನ್ನುವ ಬಯೋಟಿನ್ ಮಾತ್ರೆ ಕೆಲವು ಬಗೆಯ ಪರೀಕ್ಷೆಗಳ ಲೆಕ್ಕ ಕೆಡಿಸುತ್ತದೆ. ಮಾತ್ರೆಯ ಪ್ರಮಾಣ ಬದಲಿಸಿದ ಮೇಲೆ ಆರರಿಂದ ಎಂಟು ವಾರ ಕಾಯದೆ ಮತ್ತೆ ಪರೀಕ್ಷಿಸಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನುಂಗಬೇಕು, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಂದ ಕೆಲವು ಗಂಟೆ ದೂರವಿಡಬೇಕು. ರಮಝಾನ್‌ನಲ್ಲಿ ಸಹರಿಗೆ ಅರ್ಧ ಗಂಟೆ ಮುನ್ನ ಅಥವಾ ರಾತ್ರಿ ಉಂಡು ಮೂರು ನಾಲ್ಕು ಗಂಟೆ ಕಳೆದ ಮೇಲೆ ತೆಗೆದುಕೊಂಡರೆ ಉಪವಾಸವೂ ನಡೆಯುತ್ತದೆ, ಮದ್ದೂ ನಡೆಯುತ್ತದೆ. ವೈದ್ಯರನ್ನು ಕೇಳಿ ಸಮಯ ಗೊತ್ತುಮಾಡಿಕೊಂಡರಾಯಿತು. ಉಪವಾಸವೆಂದು ಇಡೀ ತಿಂಗಳು ಮಾತ್ರೆ ಬಿಡುವುದು ಮಾತ್ರ ಸಲ್ಲದು.

ಕೊರ್ದೋಬಾದ ಶಸ್ತ್ರವೈದ್ಯ, ಖ್ವಾರಝ್ಮಿನ ಹಕೀಮ, ಬರ್ನಿನ ಸರ್ಜನ್, ನ್ಯೂಕ್ಯಾಸಲ್ಲಿನ ಯುವಕ, ಬ್ರಾಂಕ್ಸ್‌ನ ಹೆಣ್ಣುಮಗಳು, ಕಾಂಗ್ರಾದ ಸಂಶೋಧಕ, ಹೀಗೆ ಒಬ್ಬರ ಮಾತನ್ನು ಇನ್ನೊಬ್ಬರು ಎತ್ತಿಕೊಂಡು ಸಾವಿರ ವರ್ಷ ನಡೆದ ಮೇಲೆ ಸಿಕ್ಕಿದ ಅಳತೆಗೋಲು ಇದು. ಅದು ಈಗ ತಾಲೂಕು ಪಟ್ಟಣದ ಸಣ್ಣ ಲ್ಯಾಬಿನವರೆಗೂ ಬಂದಿದೆ. ಆದರೆ ಲ್ಯಾಬಿನ ಬಾಗಿಲವರೆಗೆ ಹೆಂಗಸೊಬ್ಬಳು ತಲುಪಬೇಕಾದರೆ, ಅದಕ್ಕೂ ಮೊದಲು ಮನೆಯಲ್ಲಿ ಯಾರಾದರೂ ಅವಳ ಮಾತನ್ನು ನಂಬಬೇಕು. 'ಯಾಕೋ ಸುಸ್ತು' ಎಂದು ಅವಳು ಎರಡನೆಯ ಸಲ ಹೇಳಿದಾಗ 'ಎಲ್ಲರಿಗೂ ಸುಸ್ತಿರುತ್ತದೆ' ಎನ್ನುವ ಬದಲು, 'ನಡಿ, ಒಂದು ಸಲ ತೋರಿಸಿಕೊಂಡು ಬರೋಣ' ಎನ್ನುವಷ್ಟು ನಂಬಿಕೆ ಸಾಕು.